ಇಪ್ಪತ್ತೆಂಟು ದಿನ

ಕಾಗದ ಬಂದದ್ದು ಡಿಸೆಂಬರ್ ಹತ್ತೊಂಬತ್ತರ ಸಂಜೆ,
ಕ್ರಿಸ್‌ಮಸ್ ಬುಟ್ಟಿಗಳಿಗೆ ನಾವು ಕಡಲಪಾಚಿ ಹಾಸುತ್ತಿದ್ದಾಗ.
ಒಂದೇ ಹಾಳೆ. ನಮ್ಮ ಕೊಲ್ಲಿಯ ನಕ್ಷೆ, ಅದರ ಮೇಲೆ ಕಪ್ಪು ಗೀರುಗಳು,
ಕೆಳಗೆ ಮೊಹರು:
ಇಪ್ಪತ್ತೆಂಟು ದಿನ ಸಿಂಪಿ ಎತ್ತಕೂಡದು, ಮಾರಕೂಡದು,
ಮಾರಿದ್ದನ್ನು ವಾಪಸು ತರಿಸತಕ್ಕದ್ದು.

ತರಿಸತಕ್ಕದ್ದು!
ತಿಂದವರೇ ವಾಪಸು ಕಳಿಸುತ್ತಿದ್ದಾರಲ್ಲ,
ಮೇಲಿನಿಂದಲೂ ಕೆಳಗಿನಿಂದಲೂ,
ಎಂದ ನನ್ನ ಗಂಡ ಗುರ್ವಾನ್.
ನಾನು ನಗಲಿಲ್ಲ.
ಆಮೇಲೆ, ಬುಟ್ಟಿ ಕವುಚುವಾಗ, ನಕ್ಕೆ.

ಮೊದಲು ಶಾಲೆಯಲ್ಲಿ, ಎರಡನೇ ತರಗತಿಯ ಮಗುವೊಂದು
ಗಣಿತದ ಪುಸ್ತಕದ ಮೇಲೆ ಕಕ್ಕಿತು.
ಮೂರನೇ ದಿನಕ್ಕೆ ಹದಿನೇಳು ಕುರ್ಚಿ ಖಾಲಿ,
ಟೀಚರ ಬದಲಿಗೆ ಬಂದವಳ ಬದಲಿಗೆ ಇನ್ನೊಬ್ಬಳು,
ಬಸ್ಸಿದೆ, ಡ್ರೈವರಿಲ್ಲ,
ಉಪ್ಪು ಸಕ್ಕರೆಯ ಪೊಟ್ಟಣ ಮುಗಿದ ಔಷಧದಂಗಡಿಯವಳು
ಶಟರ್ ಎಳೆದು ತಾನೇ ಮನೆಗೆ ಓಡಿದಳು.
'ಗ್ಯಾಸ್ತ್ರೋ' ಎನ್ನುತ್ತೇವೆ ನಾವದಕ್ಕೆ,
ಊರಿಗೆ ಬಂದ ನೆಂಟನ ಹೆಸರು ಹೇಳಿದ ಹಾಗೆ.
ಎರಡು ದಿನ ಇರುತ್ತಾನೆ, ಹೋಗುತ್ತಾನೆ.

ವೃದ್ಧರ ಆರೈಕೆಮನೆಯಿಂದ ಎರಡು ದಿನಕ್ಕೆ ಹೋಗಲಿಲ್ಲ.
ಮುದುಕ ಕೆರ್‌ಬ್ರಾ, ಐಸ್‌ಲ್ಯಾಂಡಿನ ಅಲೆಗೂ
ಹೊಟ್ಟೆ ತೊಳಸದವನು,
ನಾಲ್ಕು ದಿನದಲ್ಲಿ ಒಣಮೀನಾದ.
ಕಾಗದದಲ್ಲಿ 'ಹೃದಯ' ಎಂದು ಬರೆದರು.
ಅವನ ಹಾಸಿಗೆ ಬಳಿದವಳು ನನ್ನ ನಾದಿನಿ ಎನೋರಾ.
ತಾನೂ ಮಲಗಿದಳು, ಬಚ್ಚಲಮನೆಯ ನೆಲದ ಮೇಲೆ,
ಕೆನ್ನೆಗೆ ತಣ್ಣನೆ ಟೈಲ್ಸ್ ಒತ್ತಿಕೊಂಡು.
ಮೊದಲ ಮೂರು ದಿನಕ್ಕೆ ಸಂಬಳವಿಲ್ಲ.
ಆ ಮೂರು ದಿನ
ಯಾವ ಇಲಾಖೆಯ ಕೂಡುಲೆಕ್ಕದಲ್ಲಿ ಬರುತ್ತದೋ ನನಗೆ ಗೊತ್ತಿಲ್ಲ.

ಆಮೇಲೆ ಮಳೆ ಹಿಡಿಯಿತು. ಒಂದು ವಾರ.
ಬೇಸಿಗೆಯ ಬಾಡಿಗೆಮನೆಗಳು ಮೂರು ಪಟ್ಟಾದರೂ
ತಾನು ಮಾತ್ರ ಬೆಳೆಯದ ಊರಿನ ಕೊಳಚೆ ತೊಟ್ಟಿ
ಒಂದು ರಾತ್ರಿ ತುಂಬಿ,
ಸದ್ದಿಲ್ಲದೆ ಕೊಲ್ಲಿಗೆ ಇಳಿಯಿತು.

ಸಿಂಪಿ ಏನು ಮಾಡಬೇಕಿತ್ತು?
ಅದಕ್ಕೆ ಬಾಗಿಲಿದೆ, ಕಾವಲುಗಾರನಿಲ್ಲ.
ದಿನಕ್ಕೆ ನೂರು ಲೀಟರ್ ನೀರು ಸೋಸುತ್ತದೆ ಬಡಪಾಯಿ.
ಸೋಸಿ, ನಮ್ಮದನ್ನೇ ನಮಗೆಂದು
ಜೋಪಾನವಾಗಿ ಇಟ್ಟುಕೊಂಡಿತು.
ಅದಕ್ಕೆ ವಾಂತಿಯಿಲ್ಲ, ಚಳಿಯಿಲ್ಲ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಟಿವಿಯಲ್ಲಿ ರಾತ್ರಿಯಿಡೀ ತೋರಿಸಿದ್ದು ಸಿಂಪಿಯನ್ನು,
ತೊಟ್ಟಿಯನ್ನಲ್ಲ.

ವರ್ಷದ ಅರ್ಧ ಗಳಿಕೆ ಈ ಹತ್ತು ದಿನದ್ದು.
ನೀರಲ್ಲೇ ಉಳಿದದ್ದು ಹನ್ನೊಂದು ಟನ್.
ಟ್ರ್ಯಾಕ್ಟರಿನ ಕಂತು ಜನವರಿ ಐದಕ್ಕೆ,
ಅದಕ್ಕೆ ಹೊಟ್ಟೆ ಕೆಡುವುದಿಲ್ಲ.

ಇಪ್ಪತ್ಮೂರರ ರಾತ್ರಿ ಮೇಯರ್ ಮನೆಯಿಂದ ಫೋನು:
'ಎರಡು ಡಜನ್, ಗ್ವೆನೊಲಾ, ಹಿಂಬಾಗಿಲಿನಿಂದ.
ನಮಗೆಲ್ಲ ಆಗಲೇ ಬಂದು ಹೋಗಿದೆ, ಏನೂ ಆಗಲ್ಲ.'
ನಾನು ಕೇಳಿದೆ: ಬಂದದ್ದು ಗೊತ್ತು ಮೇಡಂ,
ಹೋದದ್ದು ಎಲ್ಲಿಗೆ?
ಅತ್ತ ಫೋನು ಇಟ್ಟರು.

ಹಬ್ಬದ ಬೆಳಿಗ್ಗೆ ನೀರು ಇಳಿದಿತ್ತು.
ಮಾರದಿದ್ದರೂ ಚೀಲ ತಿರುವಲೇಬೇಕು,
ಇಲ್ಲವೆಂದರೆ ಸಿಂಪಿ ಒಂದಕ್ಕೊಂದು ಕಚ್ಚಿಕೊಂಡು ಬೆಳೆಯುತ್ತವೆ.
ಹಂಗಾಮಿಗೆಂದು ಗಿನಿಯಿಂದ ಬಂದ ಲಾನ್ಸಿನೆ
ಕರೆಯದೆಯೇ ಬೂಟು ಹಾಕಿ ಬಂದ.
ಒಂದು ಚೀಲ ಎತ್ತಿ, ಅಲುಗಿಸಿ, ಕಿವಿಗಿಟ್ಟು ಕೇಳಿದ:
'ಇವಕ್ಕೆ ಕಾಯಿಲೆಯಾ?'
ಇಲ್ಲ, ಎಂದೆ.
'ಮತ್ತೆ ಯಾರಿಗೆ ಈ ಇಪ್ಪತ್ತೆಂಟು ದಿನ?'

ಕೈ ಮರಗಟ್ಟುವವರೆಗೆ ತಿರುವಿದೆವು.
ಅವನಿಗೆ ಒಂದು ದಿನದ ಕೂಲಿ ಕೊಟ್ಟೆ.
ಒಂಬತ್ತು ದಿನದ್ದು ಬಾಕಿ,
ಬರೆದಿಟ್ಟಿದ್ದೇನೆ,
ಪೆನ್ಸಿಲಿನಲ್ಲಿ.